ಚಳಿಗಾಲದ ಮನೆಗೆ ಬಟ್ಟೆಯ ಗಿಳಿ, ತೋರಣ: ಹೊಲಿಗೆಯ ಬಗ್ಗೆ ಸಲಹೆ ಬೇಕು

ಸೂಜಿದಾರ (ದಾವಣಗೆರೆ):

ದೀಪಾವಳಿಯ ಆಕಾಶಬುಟ್ಟಿ ಇಳಿಸಿದ ಮೇಲೆ ಸಂಕ್ರಾಂತಿಯವರೆಗೆ ನಮ್ಮ ನಡುಮನೆ ಬೋಳಾಗಿ ಕಾಣುತ್ತದೆ. ಅಮ್ಮ ವರ್ಷಗಳಿಂದ ಕೂಡಿಟ್ಟ ಕುಪ್ಪಸದ ಖಣದ ಚೂರುಗಳು, ಹಳೆಯ ನೂಲಿನ ಸೀರೆಯ ತುಂಡುಗಳು ಮತ್ತು ಒಂದಿಷ್ಟು ಮೊಳಕಾಲ್ಮೂರು ರೇಷ್ಮೆಯ ಸೆರಗು ಮನೆಯಲ್ಲಿವೆ. ಇವುಗಳಿಂದ ಅಂಗೈ ಅಳತೆಯ ಗಿಳಿಗಳನ್ನು ಹೊಲಿದು ಬಾಗಿಲಿಗೊಂದು ತೋರಣವನ್ನೂ ದಕ್ಷಿಣದ ಕಿಟಕಿಗೆ ಒಂದೆರಡು ಸರಗಳನ್ನೂ ಮಾಡುವ ಆಸೆ. ಆದರೆ ಬಟ್ಟೆಯನ್ನು ಒಳಹೊರಗು ಮಾಡಿದಾಗ ಗಿಳಿಯ ಕೊಕ್ಕು ಮೊಂಡಾಗುತ್ತದೆ, ಹೊಟ್ಟೆಯ ತಿರುವಿನಲ್ಲಿ ಸುಕ್ಕು ಬೀಳುತ್ತದೆ. ಒಳಗೆ ಏನನ್ನು ತುಂಬಬೇಕು, ತೋರಣದ ಪಟ್ಟಿ ನಡುವೆ ಜೋತು ಬೀಳದಂತೆ ಹೇಗೆ ಹೊಲಿಯಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಕೋಟೆಯೂರಿನ ದರ್ಜಿ (ಚಿತ್ರದುರ್ಗ):

ಕೊಕ್ಕಿನ ತೊಂದರೆಗೆ ಕಾರಣ ಒಳಗೆ ಮಡಚಿಕೊಳ್ಳುವ ಹೆಚ್ಚುವರಿ ಬಟ್ಟೆ. ಸುತ್ತಲೂ ಸುಮಾರು 6 ಮಿಲಿಮೀಟರ್ ಅಂಚು ಬಿಟ್ಟು, 2 ಮಿಲಿಮೀಟರಿನಷ್ಟು ಸಣ್ಣ ಟಾಕುಗಳಲ್ಲಿ ಹೊಲಿಯಿರಿ. ಕೊಕ್ಕಿನ ತುದಿಗೆ ಬಂದಾಗ ಚೂಪಾಗಿ ತಿರುಗಿಸದೆ ಒಂದು ಟಾಕು ಅಡ್ಡ ಹಾಕಿ ಮುಂದುವರಿದರೆ, ತಿರುವಿ ಹಾಕಿದ ಮೇಲೆ ತುದಿ ಇನ್ನಷ್ಟು ಚೂಪಾಗಿ ಕಾಣುತ್ತದೆ. ಹೊಲಿದಾದ ಮೇಲೆ ತುದಿಯ ಬಟ್ಟೆಯನ್ನು ಹೊಲಿಗೆಗೆ ತಾಗದಂತೆ ಓರೆಯಾಗಿ ಕತ್ತರಿಸಿ. ಹೊರಕ್ಕೆ ಉಬ್ಬಿದ ಹೊಟ್ಟೆಯ ಅಂಚಿನಿಂದ ಸಣ್ಣ ಮುಕ್ಕೋನಗಳನ್ನು ತೆಗೆಯಬೇಕು. ಒಳಕ್ಕೆ ಬಾಗಿದ ಕುತ್ತಿಗೆಯ ಅಂಚಿಗೆ ನೇರ ಕಚ್ಚು ಕೊಟ್ಟರೆ ಸಾಕು. ಸುಕ್ಕು ಹೋಗುವುದು ಇದರಿಂದಲೇ, ಇಸ್ತ್ರಿಯಿಂದಲ್ಲ. ತುಂಬುವ ಬಾಯಿಯನ್ನು ತಿರುವಿನಲ್ಲಿ ಬಿಡಬೇಡಿ. ಬೆನ್ನಿನ ನೇರ ಭಾಗದಲ್ಲಿ 3 ಸೆಂಟಿಮೀಟರ್ ಬಿಟ್ಟರೆ ಕೊನೆಗೆ ಮರೆಹೊಲಿಗೆ ಹಾಕಿ ಮುಚ್ಚಿದ್ದು ಯಾರಿಗೂ ಕಾಣದು.

ಬಟ್ಟೆಯ ಚೂರುಗಳನ್ನೇ ತುಂಬುವ ರೂಢಿ ನಮ್ಮಲ್ಲಿದೆ, ಆದರೆ ಅವು ಭಾರ; ತೋರಣ ಜೋಲುವುದಕ್ಕೆ ಅದೂ ಒಂದು ಕಾರಣ. ಹತ್ತಿ ಹಗುರವಾದರೂ ಒಗೆದಾಗ ಗಂಟು ಕಟ್ಟುತ್ತದೆ. ದೂಳು ಬೀಳುವ ಬಾಗಿಲಿಗೆ ಪಾಲಿಯೆಸ್ಟರ್ ಹತ್ತಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ಮೊದಲು ಕೊಕ್ಕಿಗೆ ಕಡಲೆ ಗಾತ್ರದ ಚೂರುಗಳನ್ನು ತುಂಬಿ, ಆಮೇಲೆ ಹೊಟ್ಟೆಗೆ ಬನ್ನಿ.

ಜೋಲುವುದಕ್ಕೆ ಇನ್ನೊಂದು ಕಾರಣ ಓರೆಯಾಗಿ ಕತ್ತರಿಸಿದ ಪಟ್ಟಿ. ಓರೆಯಲ್ಲಿ ಬಟ್ಟೆ ಹಿಗ್ಗುತ್ತದೆ. ಆದ್ದರಿಂದ ಸೀರೆಯ ಅಂಚಿಗೆ ಸಮಾನಾಂತರವಾಗಿ, ಹಾಸುನೂಲಿನ ಗುಂಟ, 4 ಸೆಂಟಿಮೀಟರ್ ಅಗಲದ ಪಟ್ಟಿ ತೆಗೆಯಿರಿ. ಎರಡೂ ಅಂಚುಗಳನ್ನು ನಡುವಿಗೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿದರೆ 1 ಸೆಂಟಿಮೀಟರ್ ಅಗಲದ ಗಟ್ಟಿ ಪಟ್ಟಿಯಾಗುತ್ತದೆ. ರೇಷ್ಮೆಯನ್ನು ಕತ್ತರಿಸುವ ಮೊದಲೇ ಹಿಂಬದಿಗೆ ತೆಳುವಾದ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಪದರ) ಅಂಟಿಸಿಕೊಳ್ಳಿ, ಇಲ್ಲವಾದರೆ ಎಳೆ ಬಿಡುತ್ತದೆ.

ಕೌದಿಪ್ರೇಮಿ (ದಾವಣಗೆರೆ):

ಮೇಲಿನ ಮಾತು ಬಾಗಿಲಿಗೆ ಸರಿ. ಕಿಟಕಿಗೆ ಗಿಳಿಗಳನ್ನು ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೆಳಕಿಗೆ ಎದುರಾಗಿ ತೂಗಿದ ಹೊಟ್ಟೆ ತುಂಬಿದ ಗೊಂಬೆ ಒಳಗಿನಿಂದ ನೋಡುವವರಿಗೆ ಕಪ್ಪು ನೆರಳಾಗಿ ಕಾಣುತ್ತದೆಯೇ ಹೊರತು ಅದರ ಬಣ್ಣ ಕಾಣುವುದಿಲ್ಲ. ನಮ್ಮ ಊರು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಡಿಸೆಂಬರ್ ಕೊನೆಯ ವಾರಗಳಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 52 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಬೇಸಿಗೆಯಲ್ಲಿ ಒಳಗೆ ಬಾರದ ಬಿಸಿಲು ಈಗ ನಿಮ್ಮ ದಕ್ಷಿಣದ ಕಿಟಕಿಯಿಂದ ನೆಲದವರೆಗೆ ಬೀಳುತ್ತದೆ. ಅದನ್ನು ಬಳಸಿಕೊಳ್ಳಬೇಕಾದರೆ ತೆಳುವಾದ ನೂಲಿನ ಸೀರೆಯನ್ನು ಎಲೆಯ ಆಕಾರಕ್ಕೆ ಒಂದೇ ಪದರದಲ್ಲಿ ಕತ್ತರಿಸಿ, ಅಂಚನ್ನು ಸಣ್ಣಗೆ ಮಡಚಿ ಹೊಲಿದು ಇಳಿಬಿಡಿ; ಹಳದಿ, ಕಿತ್ತಳೆ ಮತ್ತು ಎಳೆಹಸಿರು ಬಣ್ಣಗಳು ಬೆಳಕನ್ನು ಚೆನ್ನಾಗಿ ಹಾಯಿಸುತ್ತವೆ. ನಡುನಡುವೆ ಲಂಬಾಣಿ ಕಸೂತಿಯಲ್ಲಿರುವಂತಹ ಚಿಕ್ಕ ಕನ್ನಡಿಗಳನ್ನು ಕೂಡಿಸಿದರೆ ಗೋಡೆಯ ಮೇಲೆ ಬೆಳಕಿನ ಚುಕ್ಕೆಗಳು ಓಡಾಡುತ್ತವೆ. ಕನ್ನಡಿಯ ಮೇಲೆ ಮೊದಲು ದಾರವನ್ನು ಅಡ್ಡಡ್ಡ, ಉದ್ದುದ್ದ ಎಳೆದು ಚೌಕಟ್ಟು ಮಾಡಿಕೊಂಡು, ಆ ದಾರಗಳನ್ನು ಹಿಡಿದೇ ಸುತ್ತಲೂ ಹೊಲಿಯಬೇಕು.

ತೀರಾ ಸಣ್ಣ ಚೂರುಗಳಿಗೆ ಕೌದಿಯ ಉಪಾಯವಿದೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿಯ ಮೂಲೆಗಳಿಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಪದರಪದರವಾಗಿ ಹೊಲಿಯುತ್ತಾರೆ. ಅದಿಲ್ಲದೆ ಕೌದಿ ಪೂರ್ಣವಾಯಿತೆಂದು ಅವರು ಭಾವಿಸುವುದಿಲ್ಲ. ಅದೇ ಬಗೆಯ ಮುಕ್ಕೋನವನ್ನು ತೋರಣಕ್ಕೂ ಬಳಸಬಹುದು. 8 ಸೆಂಟಿಮೀಟರಿನ ಚೌಕವನ್ನು ಮೂಲೆಗೆ ಮೂಲೆ ಸೇರಿಸಿ ಎರಡು ಬಾರಿ ಮಡಚಿದರೆ 8 ಸೆಂಟಿಮೀಟರ್ ಬುಡ, 4 ಸೆಂಟಿಮೀಟರ್ ಎತ್ತರದ ಮುಕ್ಕೋನ ಬರುತ್ತದೆ. ಕತ್ತರಿಸಿದ ಅಂಚುಗಳೆಲ್ಲವೂ ಬುಡದಲ್ಲೇ ಸೇರುವುದರಿಂದ ಅದನ್ನು ಪಟ್ಟಿಯ ಮಡಿಕೆಯೊಳಗೆ ತೂರಿಸಿ ಒಂದೇ ಹೊಲಿಗೆ ಹಾಕಿದರೆ ಮುಗಿಯಿತು. ತುಂಬುವ ಕೆಲಸವೂ ಇಲ್ಲ, ಭಾರವೂ ಇಲ್ಲ.

ಸೂಜಿದಾರ (ದಾವಣಗೆರೆ):

ಇಬ್ಬರಿಗೂ ಧನ್ಯವಾದಗಳು. ಗಿಳಿಗಳನ್ನು ಬಾಗಿಲಿಗೆ, ಎಲೆಗಳನ್ನು ಕಿಟಕಿಗೆ ಎಂದು ತೀರ್ಮಾನಿಸಿದ್ದೇನೆ. ಕೊಕ್ಕಿಗೆ ಬಳಸಬೇಕೆಂದಿರುವ ಕೆಂಪು ಖಣ ಬಣ್ಣ ಬಿಡಬಹುದೆಂಬ ಅಳುಕಿದೆ. ಉಪ್ಪುನೀರಿನಲ್ಲಿ ನೆನೆಸಿದರೆ ನಿಲ್ಲುತ್ತದೆಯೇ?

ಕೋಟೆಯೂರಿನ ದರ್ಜಿ (ಚಿತ್ರದುರ್ಗ):

ಆಗಲೇ ಬಣ್ಣ ಹಾಕಿ ಮಾರಿದ ಬಟ್ಟೆಯಲ್ಲಿ ಉಪ್ಪು ಬಣ್ಣವನ್ನು ಕಟ್ಟಿಹಾಕುವುದಿಲ್ಲ. ಒದ್ದೆಯಾದ ಬಿಳಿ ಬಟ್ಟೆಯಿಂದ ಖಣವನ್ನು ಗಟ್ಟಿಯಾಗಿ ಉಜ್ಜಿ ನೋಡಿ. ಕೆಂಪು ಹತ್ತಿದರೆ, ನೀರು ತಿಳಿಯಾಗುವವರೆಗೆ ಅದನ್ನು ಬೇರೆಯಾಗಿ ತಣ್ಣೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ, ಮತ್ತೆ ಉಜ್ಜಿ ನೋಡಿದ ಮೇಲೆಯೇ ಕತ್ತರಿಸಿ. ನೂಲಿನ ಬಟ್ಟೆ ಸ್ವಲ್ಪ ಕುಗ್ಗುವುದಿದ್ದರೆ ಅದೂ ಆಗಲೇ ಕುಗ್ಗಿರುತ್ತದೆ. ಆಮೇಲೂ ಬಣ್ಣ ಬಿಟ್ಟರೆ ಆ ಖಣವನ್ನು ಒಗೆಯಬೇಕಾಗುವ ತೋರಣಕ್ಕೆ ಹಾಕದೆ, ಬಿಸಿಲು ತಾಗದ ಒಳಗೋಡೆಯ ಅಲಂಕಾರಕ್ಕೆ ಎತ್ತಿಡಿ.