ಹರ್ಡಲ್ಸ್‌ನಲ್ಲಿ ದೊಡ್ಡವನು ಯಾರು: ಮೋಸೆಸ್ ಅಥವಾ ವಾರ್ಹೋಮ್?

ಮಲೆನಾಡ ಹುಡುಗ: 400 ಮೀಟರ್ ಹರ್ಡಲ್ಸ್ ಅಂದರೆ ನನಗೆ ಅಮೆರಿಕದ ಎಡ್ವಿನ್ ಮೋಸೆಸ್. 1977ರಿಂದ 1987ರವರೆಗೆ ಸತತ 122 ಓಟ ಗೆದ್ದ. ಇನ್ನೊಬ್ಬರ ಹೆಸರು ಹೇಳಿ ನೋಡೋಣ.

ಸ್ಟಾಪ್‌ವಾಚ್: ನಾರ್ವೆಯ ಕಾರ್ಸ್ಟನ್ ವಾರ್ಹೋಮ್. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 45.94 ಸೆಕೆಂಡ್. ಮೋಸೆಸ್‌ನ ಅತ್ಯುತ್ತಮ ಸಮಯ 47.02. ಇಬ್ಬರನ್ನೂ ಒಟ್ಟಿಗೆ ಓಡಿಸಿದ್ದರೆ ಮೋಸೆಸ್ ಸುಮಾರು 9 ಮೀಟರ್ ಹಿಂದೆ ಇರುತ್ತಿದ್ದ. ಓಟಕ್ಕೆ ಗಡಿಯಾರಕ್ಕಿಂತ ಬೇರೆ ಸಾಕ್ಷಿ ಬೇಕಾ?

ಪಿ.ಟಿ. ಮೇಷ್ಟ್ರು: ಬೇಕು ಸರ್. ಟೋಕಿಯೊದ ಆ ಓಟದಲ್ಲಿ ಮೊದಲ ಮೂವರೂ ಅಮೆರಿಕದ ಕೆವಿನ್ ಯಂಗ್‌ನ 46.78ಕ್ಕಿಂತ ಬೇಗ ಮುಗಿಸಿದರು. 1992ರಿಂದ 2021ರ ಜುಲೈವರೆಗೆ ಯಾರೂ ಮುಟ್ಟದೆ ಇದ್ದ ದಾಖಲೆ ಅದು. ಹೊಸ ಶೂ, ಹೊಸ ಟ್ರ್ಯಾಕ್ ಲೆಕ್ಕಕ್ಕೆ ಇಲ್ವಾ?

ಇನ್ನೊಂದು ಮಾತು. ಎರಡು ಹರ್ಡಲ್ ನಡುವೆ 35 ಮೀಟರ್ ಇರುತ್ತದೆ. ಆಗೆಲ್ಲ ಓಟಗಾರರು ಶುರುವಿನಲ್ಲಿ 13 ಹೆಜ್ಜೆ ಹಾಕಿದರೂ ದಣಿದ ಮೇಲೆ 14, 15ಕ್ಕೆ ಹೋಗುತ್ತಿದ್ದರು. 14 ಆದರೆ ಹಾರುವ ಕಾಲೇ ಬದಲಾಗುತ್ತದೆ. 15 ಆದರೆ ಹೆಜ್ಜೆ ಗಿಡ್ಡ, ವೇಗ ಕಮ್ಮಿ. ಮೋಸೆಸ್ ಹತ್ತನೇ ಹರ್ಡಲ್‌ವರೆಗೂ 13ರಲ್ಲೇ ಹೋದ. ಹಳೇ ವಿಡಿಯೋ ಹಾಕಿ, ಎಂಟನೇ ಹರ್ಡಲ್ ಹತ್ತಿರ ನಿಧಾನ ಮಾಡಿ ನೋಡಿ. ಪಕ್ಕದವರು ಹರ್ಡಲ್ ಮುಂದೆ ಬಂದು ತಡವರಿಸಿ ಕಾಲು ಹೊಂದಿಸಿಕೊಳ್ಳುತ್ತಾರೆ. ಇವನ ಹೆಜ್ಜೆ ಒಂದಿಷ್ಟೂ ಬದಲಾಗೋದಿಲ್ಲ. ವಾರ್ಹೋಮ್ ಓಡಿದ್ದೂ ಅದೇ 13ರ ದಾರಿಯಲ್ಲಿ.

ಓಟದ ಹುಡುಗಿ: ಮೋಸೆಸ್ ಓದಿದ್ದು ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ, ಭೌತಶಾಸ್ತ್ರ. ಸ್ಕಾಲರ್‌ಶಿಪ್ ಸಿಕ್ಕಿದ್ದೂ ಓದಿಗೇ. ಆ ಕಾಲೇಜಿಗೆ ಸ್ವಂತ ಟ್ರ್ಯಾಕೇ ಇರಲಿಲ್ಲ! 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಹೋದವನು ವಿಶ್ವದಾಖಲೆ ಮಾಡಿ ಚಿನ್ನ ತಂದ. ನನಗೆ ಇದೇ ಎಲ್ಲಕ್ಕಿಂತ ದೊಡ್ಡದು.

ಸ್ಟಾಪ್‌ವಾಚ್: ಎಲ್ಲ ಸರಿ. ಆದರೆ ಒಲಿಂಪಿಕ್ ಚಿನ್ನ ಎರಡೇ ಅಲ್ವಾ? 1984ರಲ್ಲಿ ಪೂರ್ವ ಜರ್ಮನಿ, ಸೋವಿಯತ್‌ನವರು ಬಂದೇ ಇರಲಿಲ್ಲ. 1988ರಲ್ಲಿ ಕಂಚು.

ಮಲೆನಾಡ ಹುಡುಗ: 1980 ಯಾಕೆ ಬಿಟ್ಟಿರಿ? ಅಮೆರಿಕ ಮಾಸ್ಕೋಗೆ ಹೋಗಲಿಲ್ಲ, ಅದು ಅವನ ತಪ್ಪಾ? ಅದೇ ವರ್ಷ ಜುಲೈ 3ಕ್ಕೆ ಮಿಲಾನ್‌ನಲ್ಲಿ 47.13 ಓಡಿ ವಿಶ್ವದಾಖಲೆ ಮಾಡಿದ್ದ. ಮಾಸ್ಕೋದಲ್ಲಿ ಪೂರ್ವ ಜರ್ಮನಿಯ ಫೋಲ್ಕರ್ ಬೆಕ್ ಗೆದ್ದಿದ್ದು 48.70ರಲ್ಲಿ. ಇನ್ನು 1988ರ ಸೋಲ್ ಒಲಿಂಪಿಕ್ಸ್‌ನ ಕಂಚು. 33ನೇ ವಯಸ್ಸಿನಲ್ಲಿ 47.56. 1984ರ ಚಿನ್ನದ ಓಟ 47.75 ಇತ್ತು!

ಸ್ಟಾಪ್‌ವಾಚ್: ಮಾಸ್ಕೋ ವಿಷಯ ಬೇಜಾರಿನದ್ದೇ, ಒಪ್ಪುತ್ತೇನೆ. ಆದರೂ ಓಡದ ಓಟಕ್ಕೆ ಪದಕ ಕೊಡೋಕಾಗಲ್ಲ. ವಾರ್ಹೋಮ್ ಮೂರು ಸಲ ವಿಶ್ವ ಚಾಂಪಿಯನ್.

ಓಟದ ಹುಡುಗಿ: ಅದೇ ವಾರ್ಹೋಮ್ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ರೈ ಬೆಂಜಮಿನ್ ಎದುರು ಸೋತ. ಒಂದು ದಿನ ಎಲ್ಲರಿಗಿಂತ ಬೇಗ ಓಡೋದು ಬೇರೆ, ಹತ್ತು ವರ್ಷ ಯಾರಿಗೂ ಜಾಗ ಬಿಡದೆ ಓಡೋದು ಬೇರೆ.

ಪಿ.ಟಿ. ಮೇಷ್ಟ್ರು: 1977ರಲ್ಲಿ ಬರ್ಲಿನ್‌ನಲ್ಲಿ ಮೋಸೆಸ್‌ನನ್ನು ಸೋಲಿಸಿದ್ದು ಪಶ್ಚಿಮ ಜರ್ಮನಿಯ ಹರಾಲ್ಡ್ ಶ್ಮಿಟ್. ಹತ್ತು ವರ್ಷದ ಮೇಲೆ ಮ್ಯಾಡ್ರಿಡ್‌ನಲ್ಲಿ ಗೆಲುವಿನ ಸರಣಿ ಮುರಿದಿದ್ದು ಅಮೆರಿಕದ ಡ್ಯಾನಿ ಹ್ಯಾರಿಸ್. ಮೂರು ತಿಂಗಳಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ಗೆ ಮೂವರೂ ಬಂದರು. ಮೋಸೆಸ್ 47.46. ಹ್ಯಾರಿಸ್ 47.48, ಶ್ಮಿಟ್ 47.48.

ಸ್ಟಾಪ್‌ವಾಚ್: ಮೇಷ್ಟ್ರೇ, ರೋಮ್ ಓಟದ ಲಿಂಕ್ ಇದ್ದರೆ ಹಾಕಿ. ನನ್ನ ಮತ ಮಾತ್ರ ಇನ್ನೂ ವಾರ್ಹೋಮ್‌ಗೇ.