ಸೂಪರ್ ಮೀಟಿಯರ್ ಪಿಕಪ್‌ನಲ್ಲಿದೆ, ಬೆಲ್ಟ್ ಪದೇ ಪದೇ ಸಡಿಲ ಆಗ್ತಿದೆ, ನಾಳೆ ಶಿರಾಡಿ ಘಟ್ಟ ಇಳಿಯಬೇಕು

ಪುತ್ತೂರ_ಸವಾರ:
ಬೆಳಗ್ಗಿಂದ ತಲೆ ಕೆಟ್ಟು ಹೋಗಿದೆ. ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650 ಬೈಕನ್ನು ಪಿಕಪ್‌ಗೆ ಹತ್ತಿಸಿ ಬೆಂಗಳೂರಿನಿಂದ ಹೊರಟೆವು. ನಾಲ್ಕು ರಾಚೆಟ್ ಬೆಲ್ಟ್ (ಹಿಡಿ ಆಡಿಸಿ ಒಂದೊಂದೇ ಹಲ್ಲು ಬಿಗಿಯೋ ಪಟ್ಟಿ) ಬಿಗಿದಿದ್ದೇವೆ. ನೆಲಮಂಗಲ ದಾಟುವಷ್ಟರಲ್ಲಿ ಎಡಗಡೆಯ ಎರಡೂ ಸಡಿಲ. ಬಿಗಿದೆವು. ಕುಣಿಗಲ್‌ನಲ್ಲಿ ಮತ್ತೆ ಸಡಿಲ, ಬೆಳ್ಳೂರು ಕ್ರಾಸ್‌ನಲ್ಲಿ ಮತ್ತೆ. ಚನ್ನರಾಯಪಟ್ಟಣದ ಹತ್ತಿರ ಒಂದು ಹಂಪ್ ಹಾರಿದಾಗ ಗಾಡಿ ಎಡಕ್ಕೆ ವಾಲಿ, ಹ್ಯಾಂಡಲ್ ತುದಿ ಪಿಕಪ್ ಬಾಡಿಗೆ ಬಡಿದು ನಿಂತಿತು. ಕ್ಲಚ್ ಲಿವರ್ ಬಾಗಿದೆ. ಈಗ ಹಾಸನದಲ್ಲಿ ಗೆಳೆಯನ ಮನೆಯಲ್ಲಿದ್ದೇವೆ. ಏನು ತಪ್ಪಾಗಿದೆ, ಯಾರಾದರೂ ಹೇಳಿ.

ಹಳೇ_ಬುಲೆಟ್:
ಬೆಲ್ಟ್ ಕಳಪೆ. ಬೇರೇನೂ ಅಲ್ಲ. ನೈಲಾನ್ ಬೆಲ್ಟ್ ಎಳೆದಷ್ಟೂ ಹಿಗ್ಗುತ್ತದೆ, ಪಾಲಿಯೆಸ್ಟರ್‌ದು ಅಷ್ಟು ಹಿಗ್ಗಲ್ಲ. ಯಾವ ಕಂಪನಿದು?

ಘಟ್ಟದ_ಗಾಳಿ:
ಯಾವ ಪಿಕಪ್ ಅಂತ ಹೇಳಲೇ ಇಲ್ಲವಲ್ಲ. ಟಾಟಾ ಏಸ್ ಆದರೆ ಬಾಡಿ ಸುಮಾರು ಏಳು ಅಡಿ. ಈ ಗಾಡಿ 2260 ಮಿಮೀ, ಅಂದರೆ ಏಳಡಿ ಐದಿಂಚು. ಹಿಂದಿನ ಡೋರ್ ಮುಚ್ಚಲ್ಲ. ಅಷ್ಟಕ್ಕೂ ಶಿರಾಡಿಯಲ್ಲಿ ಓಡಿಸಿಕೊಂಡೇ ಹೋಗಬಹುದಲ್ವಾ?

ಪುತ್ತೂರ_ಸವಾರ:
ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದ್ದಾರೆ ಮಾರಾಯ್ರೆ, ಕ್ಲಚ್ ಹಿಡಿಯೋಕೆ ಆಗಲ್ಲ. ಅದಕ್ಕೇ ಪಿಕಪ್. ಮಾವನ ಬೊಲೆರೊ ಅದು, ಡೋರ್ ಮುಚ್ಚುತ್ತದೆ.

ಹಳೇ_ಬುಲೆಟ್:
ಬೆಲ್ಟ್ ಒದ್ದೆ ಆಗಿತ್ತಾ? ನೈಲಾನ್ ನೀರು ಕುಡಿದರೆ ಇನ್ನೂ ಹಿಗ್ಗುತ್ತದೆ. ನಮ್ಮಣ್ಣನ ಬುಲೆಟ್ ಕೊಪ್ಪಕ್ಕೆ ಒಯ್ಯುವಾಗ ಹೀಗೇ ಆಗಿತ್ತು.

ಪುತ್ತೂರ_ಸವಾರ:
ಮಳೆ ಒಂದು ಹನಿಯೂ ಇಲ್ಲ. ಬೆಲ್ಟ್ ಹೊಸದು.

ಗ್ಯಾರೇಜ್_ಗುರು:
ಮೊದಲು ಎಲ್ಲಿ ಕಟ್ಟಿದ್ದೀರಿ ಹೇಳಿ. ಹ್ಯಾಂಡಲ್ ತುದಿಗೆ ಕಟ್ಟಿದರೆ ಹ್ಯಾಂಡಲ್ ತಿರುಗಿ ಸಡಿಲ ಆಗುತ್ತದೆ. ಮುಂದಿನ ಫೋರ್ಕಿನ ಎರಡು ಕಂಬ ಹಿಡಿದಿರೋ ಕೆಳಗಿನ ಟ್ರಿಪಲ್ ಕ್ಲ್ಯಾಂಪ್‌ಗೆ ಬಟ್ಟೆ ಸುತ್ತಿ, ಅಲ್ಲಿಂದ ಮುಂದಕ್ಕೂ ಹೊರಕ್ಕೂ ಎಳೆದು ಕಟ್ಟಬೇಕು. ಫೋರ್ಕ್ ಅರ್ಧ ಕುಗ್ಗಬೇಕು, ಪೂರ್ತಿ ಬೇಡ. 241 ಕೆಜಿ ಗಾಡಿ ಅದು. ಪೂರ್ತಿ ಕುಗ್ಗಿಸಿ ಫೋರ್ಕಿನ ಎಣ್ಣೆ ತಡೆಯೋ ಸೀಲ್ ಹೋದರೆ ಎಣ್ಣೆ ಸೋರುತ್ತದೆ.

ಘಟ್ಟದ_ಗಾಳಿ:
ಅರ್ಧ ಕುಗ್ಗಿಸಿದರೆ ಸೀಲ್ ಹೋಗುತ್ತದೆ ಅನ್ನೋದೇ ಸುಳ್ಳು. ದಿನಾ ಗುಂಡಿಗೆ ಬಿದ್ದಾಗ ಕುಗ್ಗಲ್ವಾ? ನಾನಂತೂ ಟೈರಿಗೂ ಮಡ್‌ಗಾರ್ಡಿಗೂ ಮಧ್ಯೆ ಮರದ ತುಂಡು ಇಟ್ಟು ಬಿಗಿಯುತ್ತೇನೆ.

ಗ್ಯಾರೇಜ್_ಗುರು:
ಅರ್ಧ ಅಂತಲೇ ನಾನೂ ಹೇಳಿದ್ದು, ಸರಿಯಾಗಿ ಓದಿ. ಮರದ ತುಂಡು ಮಣ್ಣಿನ ರೇಸಿನ ಕ್ರಾಸ್ ಬೈಕಿಗೆ ಸರಿ. ಇದರ ಮಡ್‌ಗಾರ್ಡ್ ಟೈರಿಗೆ ಅಂಟಿಕೊಂಡೇ ಇದೆ, ತುಂಡು ಎಲ್ಲಿಡ್ತೀರಿ? ಬಣ್ಣ ಹೋಗುತ್ತದೆ.

ಟಾರ್ಪಾಲ್_ಮಂಜ:
ನನ್ನ ಪಿಕಪ್ ಬಾಡಿಯಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ ಆರು ಕಬ್ಬಿಣದ ರಿಂಗ್ ಹಾಕಿಸಿದ್ದೇನೆ. ಮುಂದಿನ ಚಕ್ರ ಕೂರೋಕೆ ಆಂಗಲ್‌ನಲ್ಲಿ ಗೂಡು ಬೇರೆ. ಎರಡು ಬುಲೆಟ್ ಒಟ್ಟಿಗೆ ಒಯ್ದಿದ್ದೇನೆ, ಒಂದಿಂಚು ಅಲ್ಲಾಡಿಲ್ಲ. ಫೋಟೋ ನಾಳೆ ಹಾಕುತ್ತೇನೆ.

ಹಳೇ_ಬುಲೆಟ್:
ರಿಂಗ್ ಚೆನ್ನಾಗಿದೆ ಮಂಜಣ್ಣ, ಆದರೆ ಬೆಲ್ಟ್ ಕಳಪೆ ಆದರೆ ರಿಂಗ್ ಏನು ಮಾಡುತ್ತದೆ?

ಪುತ್ತೂರ_ಸವಾರ:
ಫೋಟೋ ಹಾಕಿದ್ದೇನೆ. ಕಟ್ಟಿದ್ದು ಕ್ಲ್ಯಾಂಪ್‌ಗೇ, ಹ್ಯಾಂಡಲ್‌ಗಲ್ಲ. ಹಿಂದೆ ಫುಟ್‌ರೆಸ್ಟ್ ಬ್ರಾಕೆಟ್‌ಗೆ.

ಅಡಿಕೆ_ತೋಟ:
ಫೋಟೋದಲ್ಲಿ ಚಕ್ರದ ಕೆಳಗೆ ನೀಲಿ ಬಣ್ಣದ್ದು ಏನದು? ಮತ್ತೆ ಸೈಡ್ ಸ್ಟ್ಯಾಂಡ್ ಹಾಕಿದೆಯಲ್ಲ?

ಪುತ್ತೂರ_ಸವಾರ:
ಅದು ಹಳೇ ಸ್ಪಂಜ್ ಹಾಸಿಗೆ. ಗಾಡಿಗೆ ಕುಲುಕಾಟ ಆಗಬಾರದು ಅಂತ ಹಾಕಿದ್ದು. ಸ್ಟ್ಯಾಂಡ್ ಹಾಕದಿದ್ದರೆ ಬೀಳುತ್ತದಲ್ವಾ?

ಅಡಿಕೆ_ತೋಟ:
ಸಿಕ್ಕಿತು ನೋಡಿ. ಬೆಲ್ಟ್ ಹಿಗ್ಗಿಲ್ಲ, ನಿಮ್ಮ ಗಾಡಿಯೇ ಕೆಳಗಿಳಿಯುತ್ತಿದೆ. ಹಂಪ್ ಬಂದಾಗೆಲ್ಲ ಸ್ಟ್ಯಾಂಡಿನ ಪಾದ ಸ್ಪಂಜಿಗೆ ಒತ್ತಿಕೊಳ್ಳುತ್ತದೆ, ಗಾಡಿ ಎಡಕ್ಕೆ ಇನ್ನಷ್ಟು ವಾಲುತ್ತದೆ, ಎಡಗಡೆ ಬೆಲ್ಟ್ ಸಡಿಲ ಆಗುತ್ತದೆ. ಅದಕ್ಕೇ ಪ್ರತಿ ಸಲವೂ ಎಡಗಡೆಯೇ. ಬಲಗಡೆದು ಯಾವತ್ತಾದರೂ ಸಡಿಲ ಆಯ್ತಾ? ಇಲ್ಲ ಅಲ್ವಾ.

ಹಾಸಿಗೆ ತೆಗೆಯಿರಿ. ಸ್ಟ್ಯಾಂಡ್ ಮಡಚಿ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ. ಮುಂದಿನ ಚಕ್ರ ಪಿಕಪ್ ಬಾಡಿಯ ಮುಂದಿನ ಗೋಡೆಗೆ ತಾಗಲಿ, ಎರಡು ಬದಿಗೂ ಮರದ ರೀಪು ಇಟ್ಟು ಮೊಳೆ ಹೊಡೆದ ಹಲಗೆ ಹಾಕಿದರೆ ಚಕ್ರ ಅತ್ತಿತ್ತ ಜಾರಲ್ಲ. ಒಬ್ಬರು ಮೇಲೆ ಕೂತು ಫೋರ್ಕ್ ಅದುಮಲಿ, ಇಬ್ಬರು ಎರಡು ಕಡೆ ಒಟ್ಟೊಟ್ಟಿಗೆ ಒಂದೊಂದು ಹಲ್ಲು ಬಿಗಿಯಲಿ. ಒಂದನೇ ಗೇರಿನಲ್ಲಿಡಿ. ಐದು ಕಿಲೋಮೀಟರ್ ಹೋಗಿ ಒಮ್ಮೆ ನೋಡಿ. ಸಕಲೇಶಪುರದಲ್ಲಿ ಇನ್ನೊಮ್ಮೆ, ಘಟ್ಟ ಇಳಿಯೋ ಮುಂಚೆ.

ಘಟ್ಟದ_ಗಾಳಿ:
ಗೇರಿನಲ್ಲಿಡೋದು ಬೇಡ, ನ್ಯೂಟ್ರಲ್‌ನಲ್ಲಿಡಿ. ಚೈನಿಗೆ ಜಗ್ಗುತ್ತದೆ.

ಗ್ಯಾರೇಜ್_ಗುರು:
ಕಟ್ಟಿ ನಿಂತ ಗಾಡಿಯ ಚೈನಿಗೆ ಏನು ಜಗ್ಗುತ್ತದೆ? ಇದಕ್ಕೆ ಬೇರೆ ಚರ್ಚೆ ತೆಗೆಯಿರಿ, ಅವರು ನಾಳೆ ಘಟ್ಟ ಇಳಿಯಬೇಕು.

ಹಳೇ_ಬುಲೆಟ್:
ಹಾಸಿಗೆ ವಿಷಯ ಒಪ್ಪಿದೆ. ಆದರೂ ಬೆಲ್ಟ್ ಯಾವ ಕಂಪನಿದು ಅಂತ ಹೇಳಿ.

ಪುತ್ತೂರ_ಸವಾರ:
ತಲುಪಿದೆವು. ಬೆಳಗ್ಗೆ ಹಾಸನದಲ್ಲೇ ಎಲ್ಲಾ ಬಿಚ್ಚಿ ಹೊಸದಾಗಿ ಕಟ್ಟಿದೆವು. ಗೆಳೆಯನ ಅಂಗಳದಲ್ಲಿ ಹಾಸಿಗೆ ಎತ್ತಿದಾಗ ಸ್ಟ್ಯಾಂಡ್ ಪಾದ ಊರಿದ ಜಾಗದಲ್ಲಿ ಸ್ಪಂಜ್ ಹರಿದು ಬಾಡಿಯ ತಗಡು ಕಾಣುತ್ತಿತ್ತು, ಅಡಿಕೆ ತೋಟದ ಅಣ್ಣ ಹೇಳಿದ್ದು ಅಲ್ಲೇ ಕಣ್ಣಿಗೆ ಬಿತ್ತು. ಐದು ಕಿಮೀ ಆದಮೇಲೆ ಎರಡು ಹಲ್ಲು ಬಿಗಿ ಬೇಕಾಯ್ತು. ಸಕಲೇಶಪುರದಲ್ಲಿ ಒಂದೂ ಇಲ್ಲ. ಘಟ್ಟ ಶುರುವಾಗೋ ದೋಣಿಗಾಲ್ ತಿರುವುಗಳಲ್ಲಿ ಮಾವ ಎರಡನೇ ಗೇರಿನಲ್ಲೇ ಇಳಿಸಿದರು, ನಾನು ಹಿಂದಿನ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಘಟ್ಟದ ಬುಡದ ಗುಂಡ್ಯದಲ್ಲಿ ನಿಲ್ಲಿಸಿ ಬೆಲ್ಟ್ ಮೇಲೆ ಬೆರಳಿಂದ ಬಾರಿಸಿದರೆ ತಂತಿ ಥರ ಟಣ್ ಅಂತು.

ಇಳಿಸೋಕೆ ಹಲಗೆ ಬೇಕಾಗಲೇ ಇಲ್ಲ. ಮನೆ ಹತ್ತಿರ ತೋಟದ ದರೆ (ಮಣ್ಣಿನ ದಿಬ್ಬ) ಇದೆ, ಪಿಕಪ್ ಬಾಡಿಯಷ್ಟೇ ಎತ್ತರ. ಅದಕ್ಕೆ ಹಿಂದಕ್ಕೆ ತಾಗಿಸಿ ನಿಲ್ಲಿಸಿ, ಡೋರ್ ಬಿಟ್ಟು, ಮೂರು ಜನ ಸೇರಿ ಸುಮ್ನೆ ಹಿಂದಕ್ಕೆ ತಳ್ಳಿದೆವು. ಫೋರ್ಕ್‌ನಲ್ಲಿ ಎಣ್ಣೆ ಇಲ್ಲ. ಕ್ಲಚ್ ಲಿವರ್ ಇಲ್ಲಿ ಸಿಗಲಿಲ್ಲ, ಮಂಗಳೂರಿನಲ್ಲಿ ಹೇಳಿಟ್ಟಿದ್ದೇನೆ.