ಸೀಮೆಸುಣ್ಣದ ಸೋಫಾ

ಹೊಸ ಮನೆಗೆ ಸಾಮಾನು ಕೊಳ್ಳುವ ವಿಷಯದಲ್ಲಿ ಸಲಹೆ ಕೊಡುವುದಕ್ಕೆ ಯಾರಿಗೂ ಕರೆಯೋಲೆ ಬೇಕಾಗುವುದಿಲ್ಲ. ಸಾಲದ ಕಂತು ಕಟ್ಟುವವನು ಒಬ್ಬನೇ ಆದರೂ ಮಂಚ ಯಾವ ಮರದ್ದಾಗಿರಬೇಕೆಂದು ತೀರ್ಮಾನಿಸಲು ಇಡೀ ಬಳಗವೇ ಕೂಡುತ್ತದೆ. ಬೆಂಗಳೂರಿನ ಮಾಗಡಿ ರಸ್ತೆಯ ಕಡೆ ಎರಡು ಮಲಗುವ ಕೋಣೆಗಳ ಫ್ಲ್ಯಾಟ್ ಕೊಂಡು, ಶ್ರಾವಣದಲ್ಲಿ ಗೃಹಪ್ರವೇಶ ಇಟ್ಟುಕೊಂಡಿದ್ದ ಗೆಳೆಯನ ಖಾಲಿ ಮನೆಯಲ್ಲಿ ಆಷಾಢದ ಒಂದು ಭಾನುವಾರ ನಾವು ಸೇರಿದ್ದು ಇದೇ ಘನ ಉದ್ದೇಶಕ್ಕೆ. ಬ್ಯಾಂಕಿನಿಂದ ನಿವೃತ್ತರಾದ ರಾಯರು, ಮಲೆನಾಡಿನ ಮೇಷ್ಟ್ರು, ಸಿವಿಲ್ ಎಂಜಿನಿಯರ್ ಆಗಿರುವ ಇನ್ನೊಬ್ಬ ಗೆಳೆಯ ಮತ್ತು ನಾನು ನೆಲಕ್ಕೆ ದಿನಪತ್ರಿಕೆ ಹಾಸಿಕೊಂಡು ಕುಳಿತು, ಮುಂದೆ ಎಲ್ಲಿ ಕೂರಬೇಕು ಎಂಬ ಚರ್ಚೆಗೆ ತೊಡಗಿದೆವು. ಮನೆಯೊಡೆಯ ಕೇಳುತ್ತಿದ್ದ, ಅತ್ತಿಗೆಯವರು ಕಿಟಕಿಗಳ ಅಳತೆ ತೆಗೆದುಕೊಳ್ಳುತ್ತಿದ್ದರು.

"ಕೊಳ್ಳುವುದಾದರೆ ಈ ತಿಂಗಳಲ್ಲೇ ಕೊಳ್ಳಬೇಕು" ಎಂದು ರಾಯರು ಆರಂಭಿಸಿದರು. "ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಅಂಗಡಿಯವನು ನೊಣ ಹೊಡೆಯುತ್ತಿರುತ್ತಾನೆ. ಈಗ ರಿಯಾಯಿತಿಯಲ್ಲಿ ಮುಂಗಡ ಕೊಟ್ಟು, ಶ್ರಾವಣದಲ್ಲಿ ತಂದಿಳಿಸಲು ಹೇಳಿದರಾಯಿತು."

"ಆಷಾಢದಲ್ಲಿ ಮಂಚ ಕೊಳ್ಳುವುದೇ?" ಎಂದು ಮೇಷ್ಟ್ರು ಹೌಹಾರಿದರು.

"ಮುಹೂರ್ತ ಬೇಕಾದದ್ದು ಮನೆಗೆ, ಮೇಷ್ಟ್ರೇ. ರಸೀದಿಗೆ ಯಾರೂ ಮುಹೂರ್ತ ಇಡುವುದಿಲ್ಲ."

ಮೇಷ್ಟ್ರ ಪ್ರಕಾರ ಅಂಗಡಿಯಲ್ಲಿ ಕೊಳ್ಳುವುದೇ ಮೊದಲನೆಯ ತಪ್ಪು. ಮೈಸೂರು ರಸ್ತೆಯ ಟಿಂಬರ್ ಯಾರ್ಡಿಗೆ ಹೋಗಿ, ಒಳ್ಳೆಯ ಸಾಗುವಾನಿಯನ್ನು ಘನ ಅಡಿಯ ಲೆಕ್ಕದಲ್ಲಿ ಆರಿಸಿ, ಆಚಾರ್ರನ್ನು ಮನೆಗೇ ಕರೆಸಿ ಮಾಡಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಮಂಚ ಅಲ್ಲಾಡುವುದಿಲ್ಲ ಎಂದು ಅವರು ತಮ್ಮ ಅಜ್ಜ ಮಾಡಿಸಿದ ಬೀಟೆಯ ಮಂಚವನ್ನು ಸಾಕ್ಷಿಗೆ ಕರೆದರು. ಎಂಜಿನಿಯರ್ ಇದಕ್ಕೆ ಒಪ್ಪಲಿಲ್ಲ. ಮರ ಚೆನ್ನಾಗಿ ಒಣಗಿರಬೇಕು, ಹಸಿ ಮರ ಕೊಂಡರೆ ಒಂದು ಬೇಸಿಗೆ ಕಳೆಯುವುದರೊಳಗೆ ಸೊಟ್ಟಗಾಗುತ್ತದೆ ಅಥವಾ ಬಿರಿಯುತ್ತದೆ, ಅಜ್ಜನ ಕಾಲದಲ್ಲಿ ದಿಮ್ಮಿಯನ್ನು ಕೊಟ್ಟಿಗೆಯ ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿಸಲು ಪುರುಸೊತ್ತಿತ್ತು, ಇಲ್ಲಿ ಬಾಲ್ಕನಿಯಲ್ಲಿ ಉಳಿ ಹಿಡಿದು ಕುಳಿತರೆ ಮೂರನೆಯ ದಿನಕ್ಕೆ ನಿವಾಸಿಗಳ ಸಂಘದಿಂದ ನೋಟಿಸ್ ಬರುತ್ತದೆ ಎಂಬುದು ಅವನ ವಾದವಾಗಿತ್ತು. ಅಡುಗೆಮನೆಯ ಸಿಂಕಿನ ಕೆಳಗೆ ನೀರು ತಡೆಯುವ ಐಎಸ್ 710 ಮುದ್ರೆಯ ಪ್ಲೈವುಡ್, ಉಳಿದ ಕಡೆ ಸಾಮಾನ್ಯ ಬಳಕೆಯ ಐಎಸ್ 303 ಮುದ್ರೆಯದು ಸಾಕು ಎಂದೂ ಸೇರಿಸಿದ.

"ಅದಕ್ಕಿಂತ ಅಗ್ಗದ ಹಲಗೆಯೂ ಇದೆಯಲ್ಲ?" ಎಂದು ರಾಯರು ಆಸೆಯಿಂದ ಕೇಳಿದರು.

"ಪಾರ್ಟಿಕಲ್ ಬೋರ್ಡ್ ಇದೆ. ಮರದ ಚೂರುಗಳಿಗೆ ಅಂಟು ಬೆರೆಸಿ ಒತ್ತಿ ಮಾಡುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಆದರೆ ನೀರು ತಾಗಿದರೆ ಉಬ್ಬುತ್ತದೆ, ಒಮ್ಮೆ ಬಿಚ್ಚಿದ ಜಾಗದಲ್ಲಿ ಸ್ಕ್ರೂ ಮತ್ತೆ ಗಟ್ಟಿಯಾಗಿ ಕೂರುವುದು ಕಷ್ಟ."

"ಹಾಗಾದರೆ ಅದು ಬೀರುವಲ್ಲ, ತುಪ್ಪ ಕಡಿಮೆಯಾದ ರವೆ ಉಂಡೆ" ಎಂದು ಮೇಷ್ಟ್ರು ತೀರ್ಪು ಕೊಟ್ಟರು.

ನಾಗಸಂದ್ರದಲ್ಲಿ 2022ರಲ್ಲಿ ತೆರೆದ ಸ್ವೀಡನ್ ಮೂಲದ ಐಕಿಯಾ ಮಳಿಗೆಯ ಪ್ರಸ್ತಾಪವೂ ಬಂದಿತು. ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ಇರುವುದರಿಂದಲೂ ಪ್ರತಿಯೊಂದು ವಸ್ತುವಿನ ಮೇಲೆ ಬೆಲೆ, ಅಳತೆ ಎರಡೂ ಬರೆದಿರುವುದರಿಂದಲೂ ಅತ್ತಿಗೆಯವರಿಗೆ ಅದು ಮೆಚ್ಚುಗೆಯಾಗಿತ್ತು. ರಾಯರಿಗೆ ಅದೇ ಕಾರಣಕ್ಕೆ ಬೇಸರ. ಬೆಲೆ ಬರೆದುಬಿಟ್ಟರೆ ಚೌಕಾಸಿ ಮಾಡುವುದು ಯಾರ ಜೊತೆ ಎಂಬುದು ಅವರ ಪ್ರಶ್ನೆ. ಇನ್‌ಫೆಂಟ್ರಿ ರಸ್ತೆಯಲ್ಲೋ ಶಿವಾಜಿನಗರದಲ್ಲೋ ಆದರೆ ಮೂರು ಸಲ ಅಂಗಡಿಯಿಂದ ಹೊರಗೆ ನಡೆದು, ಮೂರು ಸಲವೂ ಹಿಂದಕ್ಕೆ ಕರೆಸಿಕೊಂಡು, ಕೊನೆಗೆ ಎರಡು ದಿಂಬುಗಳನ್ನು ಪುಕ್ಕಟೆ ಗಿಟ್ಟಿಸುವ ಸುಖವಿದೆಯಂತೆ. ತೆರಿಗೆಯ ವಿಷಯದಲ್ಲೂ ಅವರು ಸಿದ್ಧರಾಗಿಯೇ ಬಂದಿದ್ದರು. ಮರದ ಪೀಠೋಪಕರಣಕ್ಕೆ ಶೇಕಡ 18 ಜಿಎಸ್‌ಟಿ ಇದ್ದರೆ, ಪೂರ್ತಿ ಬಿದಿರಿನ ಅಥವಾ ಬೆತ್ತದ ಪೀಠೋಪಕರಣಕ್ಕೆ 2025ರ ಸೆಪ್ಟೆಂಬರ್‌ನಿಂದ ಶೇಕಡ 5 ಮಾತ್ರವೆಂದು ತಿಳಿಸಿ, ಮಂಚದಿಂದ ಹಿಡಿದು ದೇವರ ಮಂಟಪದವರೆಗೆ ಎಲ್ಲವನ್ನೂ ಬೆತ್ತದಲ್ಲೇ ಮಾಡಿಸಬಾರದೇಕೆ ಎಂದು ಕೇಳಿದರು. ಶೇಕಡ 13 ಉಳಿತಾಯಕ್ಕಾಗಿ ದೇವರನ್ನು ಬುಟ್ಟಿಯಲ್ಲಿಡುವುದಕ್ಕೆ ಮೇಷ್ಟ್ರು ಸಮ್ಮತಿಸಲಿಲ್ಲ.

ಅಷ್ಟರಲ್ಲಿ ಅತ್ತಿಗೆಯವರು ಸೀಮೆಸುಣ್ಣ ತಂದರು. "ಬಾಯಲ್ಲಿ ಸೋಫಾ ಇಡುವುದು ಸುಲಭ. ನೆಲದ ಮೇಲೆ ಬರೆದು ತೋರಿಸಿ" ಎಂದರು. ಹಜಾರ ಹತ್ತು ಅಡಿ ಅಗಲ, ಹದಿನಾರು ಅಡಿ ಉದ್ದ. ಮನೆಯೊಡೆಯ ಬಹಳ ಕಾಲದಿಂದ ಕನಸು ಕಂಡಿದ್ದ ಎಲ್ ಆಕಾರದ ಸೋಫಾವನ್ನು, ಒಂದು ಕಡೆ ಒಂಬತ್ತು ಅಡಿ, ಇನ್ನೊಂದು ಕಡೆ ಆರು ಅಡಿ ಬರುವಂತೆ ಬರೆದ. ಅದರ ಮುಂದೆ ಟೀಪಾಯಿ, ಎದುರಿಗೆ ಟಿವಿಯ ಕಪಾಟು, ಅಡುಗೆಮನೆಯ ಬದಿಗೆ ಆರು ಕುರ್ಚಿಗಳ ಊಟದ ಮೇಜು. ನೀರು ಕುಡಿಯಲೆಂದು ಮೇಷ್ಟ್ರು ಎದ್ದು ನಡೆದರು.

"ಮೇಷ್ಟ್ರೇ, ಸೋಫಾ ತುಳಿಯುತ್ತಿದ್ದೀರಿ!"

ಅವರು ಗಾಬರಿಯಿಂದ ಪಕ್ಕಕ್ಕೆ ಸರಿದರು. ಅಲ್ಲಿ ಟೀಪಾಯಿ ಇತ್ತು. ಅದನ್ನು ದಾಟಿದರೆ ಊಟದ ಕುರ್ಚಿ. ಓಡಾಡಲು ಕನಿಷ್ಠ ಎರಡೂವರೆ ಅಡಿ ದಾರಿಯಾದರೂ ಬೇಕೆಂದು ಎಂಜಿನಿಯರ್ ಹೇಳುತ್ತಿದ್ದಂತೆ, ಬಾಲ್ಕನಿಯ ಬಾಗಿಲು ಸೋಫಾದ ಬೆನ್ನಿಗೆ ಮುಚ್ಚಿಹೋಗಿರುವುದು ಎಲ್ಲರ ಕಣ್ಣಿಗೆ ಬಿತ್ತು. ಬಟ್ಟೆ ಒಣಹಾಕಲು ದಿನವೂ ಸೋಫಾ ಹತ್ತಿಳಿಯಬೇಕಾಗುತ್ತದೆ ಎಂದು ಅತ್ತಿಗೆಯವರು ಶಾಂತವಾಗಿ ಹೇಳಿ, ಒದ್ದೆ ಬಟ್ಟೆಯಿಂದ ಮೂರು ಅಡಿ ಸೋಫಾವನ್ನು ಒರೆಸಿಹಾಕಿದರು. ಇಷ್ಟು ಅಗ್ಗವಾಗಿ ಪೀಠೋಪಕರಣ ಬದಲಾಯಿಸಿಕೊಡುವ ಅಂಗಡಿ ಬೇರೆ ಯಾವುದಿದೆ?

ಮಲಗುವ ಕೋಣೆಯ ಕಥೆ ಇನ್ನೂ ಬಿಗಿಯಾಗಿತ್ತು. ಹತ್ತಡಿ ಅಗಲದ ಕೋಣೆಯಲ್ಲಿ ಎರಡಡಿ ಆಳದ ವಾರ್ಡ್‌ರೋಬ್ ಕೂತರೆ ಉಳಿಯುವುದು ಎಂಟಡಿ. 78 ಇಂಚು ಉದ್ದ, 72 ಇಂಚು ಅಗಲದ ಕಿಂಗ್ ಹಾಸಿಗೆ ಹಾಕಿದರೆ ಮಂಚದ ಚೌಕಟ್ಟನ್ನೂ ಸೇರಿಸಿ ಮಿಗುವುದು ಎರಡಡಿಗೂ ಕಡಿಮೆ. ವಾರ್ಡ್‌ರೋಬಿನ ಬಾಗಿಲನ್ನು ತೆರೆಯಬಹುದು, ಆದರೆ ತೆರೆಯುವವರು ಮಂಚದ ಮೇಲೆ ನಿಂತಿರಬೇಕು. 60 ಇಂಚು ಅಗಲದ ಕ್ವೀನ್ ಹಾಸಿಗೆಯೇ ಗತಿ ಎಂದು ತೀರ್ಮಾನವಾಗುವಷ್ಟರಲ್ಲಿ ಮೇಷ್ಟ್ರು, ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂಬ ಶಾಸ್ತ್ರವನ್ನು ನೆನಪಿಸಿದರು. ಕಿಟಕಿ, ಬಾಗಿಲು, ವಾರ್ಡ್‌ರೋಬ್ ಯಾವುದೂ ಇಲ್ಲದೆ ಖಾಲಿ ಉಳಿದಿದ್ದ ಒಂದೇ ಗೋಡೆ ಉತ್ತರದ್ದು. ಕಟ್ಟಡವನ್ನು ತಿರುಗಿಸುವುದು ತನ್ನ ಕೈಯಲ್ಲಿಲ್ಲವೆಂದು ಎಂಜಿನಿಯರ್ ಕೈ ಮುಗಿದ. ಆ ಗೋಡೆಯ ಕಡೆಗೆ ಕಾಲು ಚಾಚಿ ಮಲಗಿದರೆ ಶಾಸ್ತ್ರಕ್ಕೂ ತೊಂದರೆಯಿಲ್ಲ, ಮಂಚಕ್ಕೂ ತೊಂದರೆಯಿಲ್ಲ ಎಂದು ಕೊನೆಗೆ ಮೇಷ್ಟ್ರೇ ದಾರಿ ತೋರಿಸಿದರು.

ಸೋಫಾ ಚಿಕ್ಕದಾದರೂ ಮೂರನೆಯ ಮಹಡಿಗೆ ಏರಬೇಕಲ್ಲ! ಲಿಫ್ಟಿನ ಬಾಗಿಲು 80 ಸೆಂಟಿಮೀಟರ್. ಮೆಟ್ಟಿಲು ತಿರುಗುವ ಜಾಗದಲ್ಲಿ ಆರಡಿಯ ಸೋಫಾ ಸಿಕ್ಕಿಕೊಂಡರೆ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಉಳಿಯಬೇಕಾಗುತ್ತದೆ. ಬೆನ್ನು, ಕಾಲು ಬಿಚ್ಚಿ ಜೋಡಿಸುವಂಥದ್ದನ್ನೇ ಕೊಳ್ಳಬೇಕು, ಹೊತ್ತು ತರುವವರು ಮಹಡಿಗಿಷ್ಟು ಎಂದು ಕೂಲಿ ಕೇಳುತ್ತಾರೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ವಿಚಾರಿಸಬೇಕು ಎಂದು ಎಂಜಿನಿಯರ್ ಹೇಳಿದ. ಒಳಗಿನ ಫೋಮಿನ ಡೆನ್ಸಿಟಿಯನ್ನೂ ಕೇಳಬೇಕಂತೆ. 32, 40 ಎಂದು ಹೇಳುವುದು ಒಂದು ಘನ ಮೀಟರ್ ಫೋಮು ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ. ರಾಯರ ಶರೀರಕ್ಕೆ 40 ಸಾಲದೆಂದು ಮೇಷ್ಟ್ರು ಅಭಿಪ್ರಾಯಪಟ್ಟರು.

ಇಷ್ಟಾದರೂ ಮೇಷ್ಟ್ರು ತೂಗುಮಂಚದ ಆಸೆ ಬಿಡಲಿಲ್ಲ. ಅದರ ಕೊಂಡಿಯನ್ನು ತಾರಸಿ ಹಾಕುವಾಗಲೇ ಕಂಬಿಗಳ ಜೊತೆ ಕಟ್ಟಿರಬೇಕು, ಈಗ ಕೊರೆದು ಸಿಕ್ಕಿಸಲು ತಾನು ಸಹಿ ಹಾಕುವುದಿಲ್ಲ ಎಂದು ಎಂಜಿನಿಯರ್ ಖಂಡಿತವಾಗಿ ಹೇಳಿದಾಗ ಅವರ ಮುಖ ಬಾಡಿತು. ಅವರ ಸ್ವಂತ ಮನೆಯಲ್ಲಿ ತೂಗುಮಂಚಕ್ಕೆ ಅನುಮತಿ ಸಿಕ್ಕಿರಲಿಲ್ಲವೆಂದು ನನಗೆ ಗೊತ್ತಿತ್ತು. ರಾಯರು ಪದೇ ಪದೇ ಪ್ರಸ್ತಾಪಿಸಿದ ರಿಕ್ಲೈನರ್ ಕುರ್ಚಿಯೂ, ಎಂಜಿನಿಯರ್ ಗೋಡೆಯುದ್ದಕ್ಕೂ ಬರೆದಿಟ್ಟಿದ್ದ ಪುಸ್ತಕದ ಕಪಾಟೂ, ಕಿಟಕಿಯ ಪಕ್ಕದಲ್ಲಿ ಯಾರಿಗೂ ಕಾಣದಂತೆ ನಾನು ಎಳೆದಿದ್ದ ಬರೆಯುವ ಮೇಜೂ ಅದೇ ಜಾತಿಯವು. ಗೆಳೆಯನ ಹೊಸ ಮನೆಯಲ್ಲಿ ನಾವೆಲ್ಲ ನಮ್ಮ ಮನೆಗಳನ್ನು ಸಜ್ಜುಗೊಳಿಸುತ್ತಿದ್ದೆವು.

ಅತ್ತಿಗೆಯವರು ನಮ್ಮನ್ನು ನಮ್ಮ ಪಾಡಿಗೆ ಬಿಟ್ಟು ಪರದೆಯ ಲೆಕ್ಕ ಮುಗಿಸಿದ್ದರು. ಆರಡಿಯ ಕಿಟಕಿಗೆ ನೆರಿಗೆ ಬರಬೇಕಾದರೆ ಅಗಲದ ಎರಡರಷ್ಟು ಬಟ್ಟೆ, ಅಂದರೆ 48 ಇಂಚು ಪನ್ನದ್ದು ಮೂರು ಪಟ್ಟಿ ಬೇಕು. ಮಡಚಿ ಹೊಲಿಯಲು ಎತ್ತರಕ್ಕೆ ಎಂಟು ಹತ್ತು ಇಂಚು ಹೆಚ್ಚಿಗೆ. ಒಂದು ಪಟ್ಟಿ ಉಳಿಸಬಹುದೆಂದು ರಾಯರು ಬಾಯಿ ತೆರೆಯುವ ಮೊದಲೇ, ನೆರಿಗೆಯಿಲ್ಲದ ಪರದೆ ಒಣಹಾಕಿದ ಲುಂಗಿಯಾಗಿ ಕಾಣುತ್ತದೆ ಎಂದು ಅವರು ಬಾಗಿಲು ಹಾಕಿದರು. ಆಮೇಲೆ ತೀರ್ಮಾನಗಳನ್ನು ಒಂದೇ ಉಸಿರಿನಲ್ಲಿ ಓದಿದರು. ಕ್ವೀನ್ ಮಂಚ ಒಂದು. ತವರಿನಿಂದ ಬಂದ ಉಕ್ಕಿನ ಬೀರುವೇ ಎರಡನೆಯ ಕೋಣೆಗೆ. ಹಜಾರಕ್ಕೆ ನವಲಗುಂದದ ಜಮಖಾನೆ. ಸೋಫಾದ ಮಾತು ದೀಪಾವಳಿಯ ನಂತರ. ಜಮಖಾನೆಯನ್ನು ಎಲ್ಲರೂ ಒಪ್ಪಿದೆವು. ಆ ಊರಿನ ಹೆಣ್ಣುಮಕ್ಕಳು ನವಿಲು, ಪಗಡೆಯ ಚಿತ್ತಾರ ಬರುವಂತೆ ಕೈಯಲ್ಲೇ ನೇಯುವ, ಭೌಗೋಳಿಕ ಸೂಚಕ ಪಡೆದ ಆ ಜಮಖಾನೆಯನ್ನು ಸುರುಳಿ ಸುತ್ತಿದರೆ ಲಿಫ್ಟಿನಲ್ಲೇ ಬರುತ್ತದೆ, ಅದಕ್ಕೆ ಸ್ಕ್ರೂ ಇಲ್ಲ, ವಾಸ್ತು ದೋಷವೂ ಇಲ್ಲ.

"ಹಾಗಾದರೆ ಗೃಹಪ್ರವೇಶದ ದಿನ ನಾವೆಲ್ಲ ಕೂರುವುದು ಎಲ್ಲಿ?" ಎಂದು ಮಂಡಿನೋವಿನ ರಾಯರು ಆತಂಕದಿಂದ ಕೇಳಿದರು.

"ಶಾಮಿಯಾನದವರಿಂದ ಕುರ್ಚಿ ಬಾಡಿಗೆಗೆ ಹೇಳಿದ್ದೇನೆ" ಎಂದರು ಅತ್ತಿಗೆಯವರು. "ಮೂರು ಗಂಟೆಗೆ ವಾಪಸು ತೆಗೆದುಕೊಂಡು ಹೋಗುತ್ತಾರೆ. ಊಟವಾದ ಕೂಡಲೇ ತಾವೆಲ್ಲ ದಯವಿಟ್ಟು ಏಳಬೇಕು."